ಬೇಸಿಗೆಯ ಕೋಳಿ ಶೋರ್ಬಾ: ತಪ್ಪು ಕೋಳಿಯದ್ದಲ್ಲ

ಮಾರ್ಚ್ ಬಂತೆಂದರೆ ಕೊರವಂಗಲ, ಹಾಸನ, ಚನ್ನರಾಯಪಟ್ಟಣದ ಕಡೆ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ: "ಕೋಳಿ ಬೇಡ, ಉಷ್ಣ." ಮಕ್ಕಳ ಹೊಟ್ಟೆ ಕೆಟ್ಟರೂ ಕೋಳಿ, ಬಾಯಿ ಹುಣ್ಣಾದರೂ ಕೋಳಿ. ವಲೀಮಾದ ಬಿರಿಯಾನಿ ಮಾತ್ರ ಯಾಕೋ ಈ ಲೆಕ್ಕಕ್ಕೆ ಬರುವುದಿಲ್ಲ!

ಸ್ವಲ್ಪ ಕೊರಿಯಾದ ಕಡೆ ನೋಡಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಧಾರಾವಾಹಿಗಳಿಂದಾಗಿ ಆ ದೇಶದ ಅಡುಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಅಲ್ಲಿ ಜುಲೈ, ಆಗಸ್ಟ್ ಕಡು ಬೇಸಿಗೆ. ಆಗ ಚೋಬೊಕ್, ಜುಂಗ್‌ಬೊಕ್, ಮಾಲ್‌ಬೊಕ್ ಎಂಬ ಮೂರು ದಿನಗಳಲ್ಲಿ ಜನ ಬಿಸಿಬಿಸಿ ಕೋಳಿ ಸೂಪ್ ಹುಡುಕಿಕೊಂಡು ಹೋಗುತ್ತಾರೆ. ಎಳೆಯ ಕೋಳಿಯ ಹೊಟ್ಟೆಗೆ ಅಂಟಕ್ಕಿ, ಬೆಳ್ಳುಳ್ಳಿ, ಒಣಗಿದ ಎಲಚಿ ಹಣ್ಣು, ಜಿನ್ಸೆಂಗ್ ಬೇರು ತುಂಬಿ ಬೇಯಿಸಿದ ಇದರ ಹೆಸರು ಸಾಮ್‌ಗ್ಯೆಟಾಂಗ್. ಆಕ್ಟೋಪಸ್, ಚಿಪ್ಪುಜೀವಿಗಳನ್ನೂ ಸೇರಿಸಿದರೆ ಹೆಸಿನ್‌ಟಾಂಗ್. ಬಿಸಿಯನ್ನು ಬಿಸಿಯಿಂದಲೇ ಗೆಲ್ಲಬೇಕೆಂಬುದು ಅವರ ನಂಬಿಕೆ.

ಆ ನಂಬಿಕೆಯನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗುತ್ತವೆ, ಹಸಿವು ಕುಗ್ಗುತ್ತದೆ. ಮನೆಯ ಹಿರಿಯರು ಎರಡು ತಿಂಗಳು ಮಜ್ಜಿಗೆ ಅನ್ನದಲ್ಲೇ ದಿನ ದೂಡಿ, ಮಳೆ ಬೀಳುವಷ್ಟರಲ್ಲಿ ಸೊರಗಿರುತ್ತಾರೆ. ಅವರಿಗೆ ಎಣ್ಣೆ, ಖಾರ ಕಡಿಮೆಯಿರುವ ಶೋರ್ಬಾ ಒಳ್ಳೆಯ ಆಹಾರವೆಂದೇ ನನ್ನ ಅಭಿಪ್ರಾಯ. ಒಂದು ಮಾತು: ತಿಳಿ ಮಾತ್ರ ಬಸಿದುಕೊಟ್ಟು "ಶಕ್ತಿಯೆಲ್ಲ ಇದರಲ್ಲೇ ಇದೆ" ಎನ್ನಬೇಡಿ. ಪ್ರೋಟೀನ್‌ನ ಬಹುಪಾಲು ಮಾಂಸದಲ್ಲೇ ಉಳಿದಿರುತ್ತದೆ. ಹಲ್ಲಿಲ್ಲದವರಿಗೆ ಅದನ್ನು ನಾರುನಾರಾಗಿ ಬಿಡಿಸಿ ಹಾಕಿ.

ಮಾಡುವುದು ಕಷ್ಟವಲ್ಲ. ಮುಕ್ಕಾಲು ಕಿಲೋ ಕೋಳಿ, ಎರಡು ಲೀಟರ್ ನೀರು, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ತೊಳೆದ ಅಕ್ಕಿ ಒಂದು ಹಿಡಿ. ಎಲಚಿಯ ಬದಲು ಎರಡು ಉತ್ತುತ್ತಿ ಸಾಕು. ಜಿನ್ಸೆಂಗ್ ಹುಡುಕಿ ದುಡ್ಡು ಕಳೆಯಬೇಡಿ. ಸಣ್ಣ ಉರಿಯಲ್ಲಿ ಬ್ರಾಯ್ಲರ್ ಒಂದು ಗಂಟೆ ಬೇಯಲಿ. ನಾಟಿ ಕೋಳಿಗೆ ಅದರ ಎರಡರಷ್ಟು ಹೊತ್ತು ಬೇಕಾಗಬಹುದು. ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ಉಪ್ಪು, ಕರಿಮೆಣಸು ಕೊನೆಗೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರ ಬಟ್ಟಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಿ.

ಸಮುದ್ರದ್ದು ಸೇರಿಸುವುದಾದರೆ, ನಮ್ಮಲ್ಲಿ ಹನಫಿಗಳಿಗೆ ಮೀನಿನ ಹೊರತು ಬೇರೆ ಕಡಲಜೀವಿಗಳು ಸಲ್ಲವು; ಸಿಗಡಿ ಮೀನೋ ಅಲ್ಲವೋ ಎಂಬುದರಲ್ಲಿ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಕರಾವಳಿಯಿಂದ ಬಂದ ಶಾಫಿ ಬ್ಯಾರಿ ಕುಟುಂಬಗಳಿಗೆ ಆ ತೊಡಕಿಲ್ಲ. ನೀವು ಅನುಸರಿಸುವಂತೆ ಮಾಡಿ. ಅಂಜಲ್ ತುಂಡುಗಳೂ ಚೆನ್ನಾಗಿಯೇ ಇರುತ್ತವೆ. ಕೋಳಿ ಬೆಂದ ಮೇಲೆ ಹಾಕಿದರೆ ಸಿಗಡಿಗೆ ನಾಲ್ಕು ನಿಮಿಷ, ಮೀನಿಗೆ ಎಂಟು ಹತ್ತು ನಿಮಿಷ ಸಾಕು. ಅಂಗಡಿಯ ಕೊರಿಯನ್ ಸಾಸ್ ತರುವ ಮುನ್ನ ಚೀಟಿ ಓದಿ, ಕೆಲವದರಲ್ಲಿ ಮದ್ಯ ಇರುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದ ಮೀನು ಮಂಜುಗಡ್ಡೆಯೊಳಗೆ ಹೂತಿರಬೇಕು. ಹಲಗೆಯ ಮೇಲೆ ಬಿಸಿಲಿಗೆ ಹರಡಿದ್ದನ್ನು ಅಗ್ಗವೆಂದು ತರಬೇಡಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಅದರ ರೋಗಾಣುಗಳು ಪಕ್ಕದ ಲೋಟ, ಸೊಪ್ಪಿನ ಮೇಲೂ ಸಿಡಿಯುತ್ತವೆ. ಪಾತ್ರೆಯೊಳಗೆ ನಿಧಾನವಾಗಿ ತೊಳೆಯಿರಿ.

ಈಗ ಮುಖ್ಯ ವಿಷಯ. ಬೇಸಿಗೆಯ ಊಟದ ಮರುದಿನ ಮನೆಮಂದಿಗೆಲ್ಲ ಭೇದಿಯಾದರೆ ನಾವು ದೂರುವುದು ಕೋಳಿಯ ಉಷ್ಣವನ್ನು. ಆ ದೇಗ್ಚಿ ಎಷ್ಟು ಹೊತ್ತು ಒಲೆಯ ಪಕ್ಕ ಕುಳಿತಿತ್ತೆಂದು ಯಾರೂ ಕೇಳುವುದಿಲ್ಲ. ಮಾಂಸದಲ್ಲೂ ಅನ್ನದಲ್ಲೂ ಇರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಅವು ಮೊಳೆತು ಹೆಚ್ಚುತ್ತವೆ. ಅನ್ನದಲ್ಲಿ ಬೆಳೆಯುವ ಒಂದು ಬಗೆ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. "ಬೆಳಿಗ್ಗೆ ಚೆನ್ನಾಗಿ ಕುದಿಸಿದ್ದೆವಲ್ಲ" ಎಂಬ ಸಮಾಧಾನ ಅದಕ್ಕೇ ಸಾಲದು. ನಮ್ಮ ಶೋರ್ಬಾದಲ್ಲಿ ಕೋಳಿ, ಅಕ್ಕಿ ಎರಡೂ ಇವೆ, ನೆನಪಿರಲಿ.

ಆದ್ದರಿಂದ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ. ಮಿಕ್ಕರೆ ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ, ಕರೆಂಟ್ ಹೋಗಿಬರುವ ದಿನಗಳಲ್ಲಿ ಉಳಿಸುವ ಯೋಚನೆಯೇ ಬೇಡ. ಸಾರು ಮಾಡುವಾಗ ನೀರು ಹೆಚ್ಚಿಗೆ ಹಾಕಿ ನೆರೆಯವರಿಗೂ ಕೊಡುವಂತೆ ಪ್ರವಾದಿ(ಸ)ಯವರು ಅಬೂದರ್(ರ)ರಿಗೆ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಾಗೆ ಕಳಿಸುವಾಗಲೂ ಬಿಸಿಯಿರುವಾಗಲೇ, ರಾತ್ರಿ ಊಟಕ್ಕೆ ಮೊದಲೇ ಕಳಿಸಿ. ಬೆಳಿಗ್ಗೆ ಉಳಿದದ್ದನ್ನಲ್ಲ.