ಕಸದ ಕಂಟ್ರಾಕ್ಟು

ನಮ್ಮ ಊರಿನ ಪುರಸಭೆಯ ಮುಂದೆ ಈಗ ಒಂದು ಪ್ರಶ್ನೆ ಬಂದು ನಿಂತಿದೆ. ಊರಿನ ಕಸ ಸಾಗಿಸುವ ಕೆಲಸವನ್ನು ಪುರಸಭೆಯೇ ತನ್ನ ಜನ, ತನ್ನ ಗಾಡಿಗಳಿಂದ ನಡೆಸಬೇಕೆ, ಇಲ್ಲವೆ ಇಡೀ ಊರನ್ನು ಒಬ್ಬ ಕಂಟ್ರಾಕ್ಟುದಾರನಿಗೆ ಒಪ್ಪಿಸಿಬಿಡಬೇಕೆ? ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಸದ ಮಾತೇ ಎಂದು ಮೂಗು ಮುರಿಯುವ ಮಿತ್ರರು ಒಮ್ಮೆ ನಮ್ಮ ಹಾಸ್ಟೆಲಿನ ಹಿಂಬದಿಗೆ ಹೋಗಿ ಐದು ನಿಮಿಷ ನಿಂತು ಬರಲಿ. ಆಮೇಲೆ ಬೇಕಾದರೆ ಪುಟ ತಿರುವಲಿ.

ಊರಿನಲ್ಲಿ ಎರಡು ಪಕ್ಷಗಳಾಗಿವೆ. ಸರ್ಕಾರಿ ಕೆಲಸವೆಂದರೆ ಸೋಮಾರಿತನ, ಕಂಟ್ರಾಕ್ಟಿಗೆ ಕೊಟ್ಟರೆ ಊರು ಕನ್ನಡಿಯಂತಾಗುತ್ತದೆ ಎಂಬುದು ಒಂದು. ಕಂಟ್ರಾಕ್ಟೆಂದರೆ ಲೂಟಿ ಎಂಬುದು ಇನ್ನೊಂದು. ಮೊದಲ ಪಕ್ಷದ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಪುರಸಭೆಯ ಟ್ರ್ಯಾಕ್ಟರೊಂದು ಟೈರಿಲ್ಲದೆ ತಿಂಗಳುಗಟ್ಟಲೆ ಷೆಡ್ಡಿನಲ್ಲಿ ಕುಳಿತದ್ದನ್ನು ನಾವೆಲ್ಲರೂ ನೋಡಿದ್ದೇವೆ. ಟೈರು ಕೊಳ್ಳಲು ಒಂದು ಟಿಪ್ಪಣಿ ಎಷ್ಟು ಮೇಜುಗಳನ್ನು ದಾಟಬೇಕೋ ದೇವರೇ ಬಲ್ಲ! ಕಂಟ್ರಾಕ್ಟುದಾರನಾದರೋ ಮಾರನೆಯ ದಿನವೇ ಬಾಡಿಗೆ ಗಾಡಿ ತರುತ್ತಾನೆ.

ಆದರೆ ಎರಡೂ ಪಕ್ಷದವರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ನಾವು ಹಣ ಕೊಡುವುದು ಯಾವುದಕ್ಕೆ? ಟನ್ನಿಗೆ ಇಷ್ಟು, ಲೋಡಿಗೆ ಇಷ್ಟು ಎಂದು ದರ ಗೊತ್ತುಮಾಡಿದೆವೆನ್ನಿ. ಕಸ ಹೆಚ್ಚಿದಷ್ಟೂ ಕಂಟ್ರಾಕ್ಟುದಾರನಿಗೆ ಲಾಭ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತರಕಾರಿ ಸಿಪ್ಪೆ, ಉಳಿದ ಅನ್ನ, ಎಲೆ ಮೊದಲಾದ ಹಸಿ ಪದಾರ್ಥ. ಅದನ್ನು ಬೇರೆಮಾಡಿ ಊರಲ್ಲೇ ಗೊಬ್ಬರಕ್ಕೆ ಹಾಕಿದರೆ ಸಾಗಿಸುವ ತೂಕವೇ ಅರ್ಧಕ್ಕಿಳಿಯುತ್ತದೆ. ಅಂದಮೇಲೆ ಬೇರ್ಪಡಿಸುವುದನ್ನು ಆತನೇಕೆ ಬಯಸಿಯಾನು? ಮಳೆಗಾಲದಲ್ಲಿ ನೆನೆದ ಮಣ್ಣೂ ತೂಗುತ್ತದೆ, ಕೆಡವಿದ ಗೋಡೆಯ ಇಟ್ಟಿಗೆ ಚೂರೂ ತೂಗುತ್ತದೆ. ಆತ ದುಷ್ಟನಾಗಬೇಕಾಗಿಲ್ಲ, ಲೆಕ್ಕ ಬಲ್ಲವನಾದರೆ ಸಾಕು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರೆಮಾಡಿ ಕೊಡಬೇಕೆಂದು ವಿಧಿಸಿದವು. ಮನೆಯ ಹೆಂಗಸರು ಕಷ್ಟಪಟ್ಟು ಬೇರೆಮಾಡಿದ್ದು ಗಾಡಿಯಲ್ಲಿ ಒಂದೇ ರಾಶಿಯಾಗುವುದನ್ನು ಕಂಡಮೇಲೆ, ನಾಳೆಯಿಂದ ಅವರು ಏಕೆ ಆ ಶ್ರಮ ಪಡಬೇಕು?

ಬೆರೆತ ಕಸ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಬೆಂಗಳೂರು ಸಾಕ್ಷಿ. ಮಾವಳ್ಳಿಪುರದ ಗುಂಡಿಯನ್ನು 2012ರಲ್ಲಿ ಮುಚ್ಚಬೇಕಾಗಿ ಬಂದಾಗ ರಾಜಧಾನಿಯ ಬೀದಿಬೀದಿಯಲ್ಲಿ ಕಸ ಗುಡ್ಡೆಬಿತ್ತು. ಬಳಿಕ ಹೊರೆ ಬಿದ್ದದ್ದು ಮಂಡೂರಿನ ಮೇಲೆ. ಬಾವಿಯ ನೀರು ಕೆಟ್ಟು, ನೊಣದ ಕಾಟದಲ್ಲಿ ಊಟಮಾಡಲಾಗದೆ, 2014ರ ಜೂನ್‌ನಲ್ಲಿ ಆ ಊರಿನವರು ಲಾರಿಗಳಿಗೆ ಅಡ್ಡನಿಂತರು. ವರ್ಷದ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ನಮ್ಮ ಊರಿಗೂ ಒಂದು ಮಂಡೂರು ಇದ್ದೇ ಇದೆ. ಅದರ ಹೆಸರು ಬರೆಯುವುದಿಲ್ಲ. ನಮ್ಮ ತರಗತಿಯಲ್ಲೇ ಆ ಹಳ್ಳಿಯಿಂದ ಬರುವ ಮೂವರಿದ್ದಾರೆ.

ಇನ್ನು ದುಡಿಯುವವರ ಮಾತು. ನಮ್ಮ ವಾರ್ಡೂ ಸೇರಿ ಊರಿನ ಕೆಲವು ವಾರ್ಡುಗಳಲ್ಲಿ ಕಂಟ್ರಾಕ್ಟು ಆಗಲೇ ನಡೆದಿದೆ. ನಮ್ಮ ಬೀದಿ ಗುಡಿಸುವ ಅಕ್ಕ ಕಳೆದ ತಿಂಗಳು ನಮ್ಮ ತಾಯಿಯ ಹತ್ತಿರ ನೂರು ರೂಪಾಯಿ ಸಾಲ ಕೇಳಲು ಬಂದಿದ್ದಳು. “ಸಂಬಳ ಆಗಿಲ್ಲವೇನಮ್ಮಾ?” ಎಂದರೆ, “ಆಫೀಸಿನೋರು ಕಂಟ್ರಾಕ್ಟರನ್ನ ಕೇಳು ಅಂತಾರವ್ವಾ, ಅವನು ಆಫೀಸಿಂದ ಬಿಲ್ಲು ಪಾಸಾಗಲಿ ಅಂತಾನೆ” ಎಂದಳು. ಇಬ್ಬರು ಯಜಮಾನರಿದ್ದೂ ಆಕೆಗೆ ಯಜಮಾನರೇ ಇಲ್ಲದಂತಾಗಿದೆ. ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬಾಳನ್ನು ಕುರಿತು ವರದಿ ಕೊಟ್ಟದ್ದು 1970ರ ದಶಕದಲ್ಲಿ. ಬೆಂಗಳೂರಿನ ಪೌರಕಾರ್ಮಿಕರಿಗೆ ಮಧ್ಯಸ್ಥರಿಲ್ಲದೆ ಪಾಲಿಕೆಯಿಂದಲೇ ನೇರವಾಗಿ ವೇತನ ಸಂದಾಯವಾಗಲು 2018 ಬರಬೇಕಾಯಿತು. ಆಗಲೂ ಕಸದ ಗಾಡಿಗಳ ಚಾಲಕರು, ಸಹಾಯಕರು ಕಂಟ್ರಾಕ್ಟಿನಲ್ಲಿಯೇ ಉಳಿದರು.

ಹಾಗಾದರೆ ಕಂಟ್ರಾಕ್ಟೇ ಬೇಡವೆ? ನಾನು ಹಾಗೆನ್ನುವುದಿಲ್ಲ. ಪುಣೆಯಲ್ಲಿ ಚಿಂದಿ ಆಯುತ್ತಿದ್ದ ಹೆಂಗಸರೇ ಸೇರಿ ‘ಸ್ವಚ್’ ಎಂಬ ಸಹಕಾರ ಸಂಘ ಕಟ್ಟಿ, 2008ರಲ್ಲಿ ಅಲ್ಲಿನ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಮನೆಮನೆಯ ಕಸ ಸಂಗ್ರಹಿಸತೊಡಗಿದರು. ಮನೆಗಳಿಂದ ತಿಂಗಳಿಗಿಷ್ಟು ಎಂದು ಶುಲ್ಕ. ಒಣ ಕಸ ಮಾರಿದ ಹಣವೂ ಅವರದೇ. ಅಲ್ಲಿ ಬೇರ್ಪಡಿಸುವುದು ದುಡಿಯುವವರಿಗೇ ಲಾಭ. ಇದೂ ಕಂಟ್ರಾಕ್ಟೇ, ಆದರೆ ಲೆಕ್ಕ ತಿರುಗಿಸಿ ಬರೆದ ಕಂಟ್ರಾಕ್ಟು.

ನಮ್ಮ ಪುರಸಭೆಗೆ ನನ್ನ ಅರಿಕೆ ಇಷ್ಟು. ತೂಕಕ್ಕೆ ಹಣ ಕೊಡಬೇಡಿ. ಬೇರ್ಪಡಿಸಿದ ಕಸ ಎಷ್ಟು ಮನೆಗಳಿಂದ ಬಂತೆಂದು ನೋಡಿ ಕೊಡಿ. ಕೂಲಿ ನೇರವಾಗಿ ದುಡಿದವರ ಬ್ಯಾಂಕಿನ ಖಾತೆಗೆ ಹೋಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ನಾಲ್ಕಾರು ವಾರ್ಡುಗಳನ್ನಾದರೂ ಪುರಸಭೆ ತನ್ನ ಕೈಯಲ್ಲೇ ಇಟ್ಟುಕೊಳ್ಳಲಿ. ಗಾಡಿಗಳನ್ನೆಲ್ಲ ಹರಾಜುಹಾಕಿ, ಕೆಲಸ ಬಲ್ಲವರನ್ನು ಮನೆಗೆ ಕಳುಹಿಸಿದ ಮೇಲೆ, ಅವಧಿ ಮುಗಿದ ದಿನ ಕಂಟ್ರಾಕ್ಟುದಾರ ಕೇಳಿದ್ದೇ ದರ. ಒಂದು ಲೋಡು ಸಾಗಿಸಲು ನಿಜವಾಗಿ ಎಷ್ಟು ಖರ್ಚೆಂದು ತಿಳಿದಿರುವವರು ಆಗ ಪುರಸಭೆಯಲ್ಲಿ ಯಾರೂ ಉಳಿದಿರುವುದಿಲ್ಲ. ಟೈರಿಲ್ಲದ ಆ ಟ್ರ್ಯಾಕ್ಟರಿಗೆ ಟೈರು ಹಾಕಿಸುವುದು ಇದಕ್ಕಿಂತ ಅಗ್ಗ.

ಮುಂದಿನ ಸಭೆಯಲ್ಲಿ ಈ ವಿಷಯ ಮತಕ್ಕೆ ಬರುತ್ತದಂತೆ. ಸದಸ್ಯರಲ್ಲಿ ಇಬ್ಬರು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಅರ್ಥಶಾಸ್ತ್ರದ ಗೆಳೆಯರು ಕೆಲವರು ಟೆಂಡರಿನ ಷರತ್ತುಗಳ ಪ್ರತಿಯೊಂದನ್ನು ಕೇಳಿ ಅರ್ಜಿ ಹಾಕಿದ್ದೇವೆ. ಅದು ಕೈಸೇರಿದರೆ ವಾಚನಾಲಯದ ಮೇಜಿನ ಮೇಲೆ ಇಡುತ್ತೇವೆ.