ಕೌದಿ ಕುಕ್ಕರಿನ ಒಳಗ ಇರಬೇಕು

ಮಿಕ್ಸರ್ ಹಚ್ಚಿದ ಕೂಡಲೇ "ಕರೆಂಟ್ ಬಿಲ್ ಏರತದವಾ, ಲಗೂನ ಬಂದ್ ಮಾಡು" ಅನ್ನೋ ಹಿರಿಯರು ನಮ್ಮ ಕಡೆ ಎಲ್ಲಾ ಮನ್ಯಾಗೂ ಇರ್ತಾರ. ಪಾಪ, ಮಿಕ್ಸರ್ ಗದ್ದಲ ಮಾಡತದ, ಅದಕ್ಕ ಬೈಸಿಕೊಳ್ಳತದ. ಲೆಕ್ಕ ಹಾಕಿದ್ರ ಬ್ಯಾರೇನ ಅದ ನೋಡ್ರಿ. 1,000 ವ್ಯಾಟಿನ ಸಾಮಾನು ಒಂದು ತಾಸು ಓಡಿದ್ರ ಒಂದು ಯುನಿಟ್. 750 ವ್ಯಾಟಿನ ಮಿಕ್ಸರ್ 10 ನಿಮಿಷ ತಿರುಗಿದ್ರೂ ಯುನಿಟ್ಟಿನ ಎಂಟನೇ ಪಾಲು ಅಷ್ಟ. ಅಡಿಗಿಮನ್ಯಾಗ ಯುನಿಟ್ ತಿನ್ನೋದು ಸಪ್ಪಳ ಅಲ್ಲ, ಬಿಸಿ. ಕೆಟಲ್, ಕರೆಂಟಿನ ಕುಕ್ಕರ್, ಓವನ್, ಇಂಡಕ್ಷನ್ ಒಲಿ, ಇವು ಗದ್ದಲ ಇಲ್ಲದ ಕೂತು ತಿಂತಾವ.

ಬಿಸಿಯೊಳಗೂ ಒಂದು ಗುಟ್ಟು ಅದ. ಒಂದು ಲೀಟರ್ ನೀರು ಕುದಿ ಬರಲಿಕ್ಕೆ ಬೇಕಾಗೋ ಶಾಖ ಸುಮಾರು 0.09 ಯುನಿಟ್. ಅದೇ ನೀರು ಪೂರಾ ಆವಿಯಾಗಿ ಹಾರಿ ಹೋಗಬೇಕಂದ್ರ 0.63 ಯುನಿಟ್, ಅಂದ್ರ ಏಳು ಪಟ್ಟು. ಒಮ್ಮೆ ಕುದಿ ಬಂದ ಮ್ಯಾಲ ಎಷ್ಟ ಉರಿ ಏರಿಸಿದ್ರೂ ತೆರೆದ ಪಾತೇಲಿ ನೀರು ಅದಕ್ಕಿಂತ ಬಿಸಿ ಆಗೂದಿಲ್ಲ. ಬರೇ ಆವಿ ಹೆಚ್ಚಾಗತದ. ಆ ಆವಿಗೆ ನಾವು ರೊಕ್ಕ ಕೊಡ್ತೀವಿ.

ಅಕ್ಕಿ ಬೇಯಲಿಕ್ಕೆ, ಬ್ಯಾಳಿ ಬೇಯಲಿಕ್ಕೆ ಕುದಿಯ ಕುಣಿತ ಬೇಕಾಗಿಲ್ಲ, ಆ ಬಿಸಿ ಹಂಗ ನಿಂತಿದ್ರ ಸಾಕು. ಇದು ನಮ್ಮ ಅಜ್ಜಿಗಳಿಗೆ ಗೊತ್ತಿತ್ತು. ಅನ್ನ ಮುಕ್ಕಾಲು ಬೆಂದ ಮ್ಯಾಲ ಉರಿ ತಗದು ಕೆಂಡದ ಮ್ಯಾಲ ಇಟ್ಟು ಮುಚ್ಚಳ ಮುಚ್ಚತಿದ್ರು. ಚಳಿಗಾಲದಾಗ ಮೊಸರಿನ ಪಾತೇಲಿಗೆ ಕೌದಿ ಸುತ್ತತಿದ್ರು. ದಕ್ಷಿಣ ಆಫ್ರಿಕಾದಾಗ ಸಾರಾ ಕಾಲಿನ್ಸ್ ಅನ್ನೋ ಹೆಣ್ಣುಮಗಳು 2008ರಾಗ ಇದನ್ನ ಹಿಡಕೊಂಡು 'ವಂಡರ್‌ಬ್ಯಾಗ್' ಮಾಡಿದ್ಲು. ಕುದಿಸಿದ ಪಾತೇಲಿ ಆ ದಪ್ಪನ ಚೀಲದಾಗ ಇಟ್ಟು ಕಟ್ಟಿದ್ರ ಉಳದದ್ದು ಉರಿ ಇಲ್ಲದ ತಾನ ಬೇಯತದ.

ಈಗ ನಮ್ಮ ಕರೆಂಟಿನ ಕುಕ್ಕರ್ ನೋಡ್ರಿ. ಸೋವಿ ಮಾಡೆಲ್ಲಿಗೆ ತೆಳ್ಳನ ತಗಡು, ಮ್ಯಾಲ ಗಾಜಿನ ಮುಚ್ಚಳ. ಹೊರಗಿಂದ ಮುಟ್ಟಿದ್ರ ಚುರ್ ಅಂತದ. ಆ ಚುರ್ ಅನ್ನೋದು ನಮ್ಮ ಬಿಲ್ಲು. ಮ್ಯಾಲ 'ವಾರ್ಮ್' ಅನ್ನೋ ದೀಪ ಬ್ಯಾರೆ. ಅದು 40 ವ್ಯಾಟ್ ತಿಂತದ ಅಂತ ಹಿಡೀರಿ. ದಿನಾ 5 ತಾಸು ಹತ್ತಿದ್ರ ತಿಂಗಳಿಗೆ 6 ಯುನಿಟ್. ಚಹಾದ ಥರ್ಮಾಸಿಗೆ ಯಾರರೆ ಕರೆಂಟ್ ಕೊಡ್ತಾರೇನು?

"ನಮಗ ಗೃಹಜ್ಯೋತಿ ಅದ, ಕರೆಂಟ್ ಫ್ರೀ" ಅಂತೀರಿ. ಪೂರಾ ಫ್ರೀ ಅಲ್ಲ. 2022-23ರ ಸರಾಸರಿ 100 ಯುನಿಟ್ ಇದ್ದ ಮನಿಗೆ ಅದರ ಮ್ಯಾಲ 10 ಪರ್ಸೆಂಟ್ ಸೇರಿಸಿ 110ರ ತನಕ ಮಾಫಿ. ಅದರ ಮ್ಯಾಲ ಸುಟ್ಟದ್ದಕ್ಕ ರೊಕ್ಕ ಕಟ್ಟಬೇಕು. 200 ದಾಟಿತು ಅಂದ್ರ ಪೂರಾ ಬಿಲ್ಲು ನಮ್ಮ ತಲಿ ಮ್ಯಾಲ. ಗಡಿ ಹತ್ತಿರ ಇರೋ ಮನಿಗೆ ಆ 6 ಯುನಿಟ್ ಸಣ್ಣದಲ್ಲ.

ಅದಕ್ಕ ನನ್ನ ಮಾತು ಇಷ್ಟ: ಕುಕ್ಕರ್ ಮಾಡೋರು ಹೊಸ ಹೊಸ ಗುಂಡಿ ಇಡೋದು ಬಿಟ್ಟು ಕೌದಿ ಇಡಬೇಕು. ಗೋಡೆ ಎರಡು ಪದರ ಇರಲಿ, ನಡುವ ಶಾಖ ತಡಿಯೋ ಸಾಮಾನು ತುಂಬಲಿ. ಮುಚ್ಚಳಕ್ಕೂ ಹಂಗ ಮಾಡಲಿ, ಯಾಕಂದ್ರ ಬಿಸಿ ಮ್ಯಾಲೇನ ಓಡತದ. ಕುದಿ ಬಂದು ಒಂದಿಷ್ಟು ನಿಮಿಷಕ್ಕ ಕರೆಂಟ್ ತಾನ ನಿಲ್ಲಲಿ, ಬಿಸಿ ಇಳದ್ರ ಮಾತ್ರ ಚೂರು ಹತ್ತಲಿ. ಇಬ್ಬರ ಮನಿಗೆ ಸಣ್ಣದು, ಎಂಟು ಮಂದಿಗೆ ದೊಡ್ಡದು ಸಿಗಲಿ. ರಬ್ಬರು ಬಿಚ್ಚಿ ತೊಳಿಯೋಹಂಗ ಇರಲಿ.

ತುಟ್ಟಿ ಆಗತದಲ್ಲಾ ಅಂತ ವೈನಿಯೊಬ್ಬರು ಕೇಳಿದ್ರು. ಆಗತದ, ಹೌದು. ಎರಡು ತುತ್ತು ಅನ್ನ ಮಾಡೋ ಮನಿಗೆ ಆ ರೊಕ್ಕ ಹೊಳ್ಳಿ ಬರಲಿಕ್ಕೆ ಭಾಳ ವರ್ಷ ಬೇಕು. ದಿನಾ ಕಾಳು, ಬ್ಯಾಳಿ, ಅನ್ನ ಬೇಯಿಸೋ ತುಂಬಿದ ಮನಿಗೆ ಲಗೂನ ಬರತದ. ಆದ್ರ ಈ ಲೆಕ್ಕ ಹಾಕಲಿಕ್ಕೆ ಡಬ್ಬಿ ಮ್ಯಾಲ ಏನೂ ಬರದಿರೂದಿಲ್ಲ, ಬರೇ ವ್ಯಾಟ್ ಇರತದ. ವ್ಯಾಟ್ ಅಂದ್ರ ತಿನ್ನೋ ಜೋರು, ಎಷ್ಟು ತಿಂತು ಅನ್ನೋದಲ್ಲ. 1,000 ವ್ಯಾಟಿನ ಛಲೋ ಕುಕ್ಕರ್ ಲಗೂ ಮುಗಿಸಿ 700 ವ್ಯಾಟಿನದಕ್ಕಿಂತ ಕಡಿಮಿ ತಿನಬಹುದು. ಫ್ರಿಜ್ಜಿನ ಸ್ಟಾರ್ ಚೀಟಿ ಮ್ಯಾಲ ವರ್ಷಕ್ಕ ಎಷ್ಟು ಯುನಿಟ್ ಅಂತ ಬರದಿರತದಲ್ಲಾ, ಹಂಗ ಕುಕ್ಕರಿನ ಮ್ಯಾಲ "ಅರ್ಧ ಕಿಲೋ ಅಕ್ಕಿಗೆ ಇಷ್ಟು ಯುನಿಟ್" ಅಂತ ಬರೀಲಿ. ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣ ಕೇಳೋ ಮೊದಲ ಇದನ್ನ ಕೇಳ್ರಿ. ಹತ್ತು ಮಂದಿ ಕೇಳಿದ್ರ ಅಂಗಡಿಯವರು ಕಂಪನಿಗೆ ಮುಟ್ಟಸ್ತಾರ.

ಒಂದು ಮಾತು ಮಾತ್ರ ನೆನಪಿರಲಿ. ಇದನ್ನ ಓದಿ ಯಾರೂ ಹತ್ತಿದ ಕುಕ್ಕರಿಗೆ ಕೌದಿ ಸುತ್ತಬ್ಯಾಡ್ರಿ, ಬೆಂಕಿ ಹತ್ತತದ. ಮಾಡೋದಿದ್ರ ಒಲಿ ಮ್ಯಾಲ ಕುದಿಸಿ ಇಳಿಸಿದ ಪಾತೇಲಿಗೆ ಸುತ್ತರಿ. ರಾಜ್ಮಾ ಆದ್ರ ನೆನಸಿ, ಆ ನೀರು ಚೆಲ್ಲಿ, ಪೂರಾ ಮೆತ್ತಗ ಆಗೋತನಕ ಕುಕ್ಕರಿನಾಗ ಸೀಟಿ ಹೊಡಸೋದ ಛಲೋ, ಅದು ಕೌದಿ ಕೆಲಸ ಅಲ್ಲ. ನಮ್ಮ ಕೈಲೆ ಆಗೋದು ಇಷ್ಟ. ಕೌದಿಯನ್ನ ಮಷೀನಿನ ಹೊಟ್ಟಿಯೊಳಗ ಹೊಲಿಯೋದು ಎಂಜಿನಿಯರ ಕೆಲಸ, ಹೊಲೀರಿ ಅಂತ ಹೇಳೋದು ನಮ್ಮ ಕೆಲಸ.