ಟ್ರಂಕಿನೊಳಗಿನ ಸೈನ್ಯ

ನಮ್ಮ ಮಂಚದ ಕೆಳಗೆ 26 ವರ್ಷ ಒಂದು ಸೈನ್ಯ ಮಲಗಿತ್ತು. ತಮಾಷೆಯಲ್ಲ. ಕಾಲಾಳುಗಳು 72, ಕುದುರೆ ಸವಾರರು 14, ವಾದ್ಯದವರು 9 ಮಂದಿ, ಅಂಬಾರಿ ಹೊತ್ತ ಆನೆ ಒಂದು. ಎಲ್ಲವೂ ಗೇಣಿಗಿಂತ ಚಿಕ್ಕ ಮಣ್ಣಿನ ಗೊಂಬೆಗಳು. ಸುಟ್ಟ ಮಣ್ಣಿನ ಕೆಂಪು ಬಿಟ್ಟರೆ ಅವುಗಳ ಮೈಮೇಲೆ ಬೇರೆ ಬಣ್ಣವಿರಲಿಲ್ಲ.

ನಮ್ಮದು ದಸರೆಗೆ ಗೊಂಬೆ ಕೂರಿಸುವ ಮನೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು ಕೂತಿರಬೇಕು, ಕೆಳಗೆ ಜಂಬೂ ಸವಾರಿಯ ಮೆರವಣಿಗೆ ಸಾಗಬೇಕು ಎಂಬುದು ನನ್ನ ಆಸೆ. ಮದುವೆಯಾದ ಹೊಸದರಲ್ಲಿ ಊರಿನ ಕುಂಬಾರಜ್ಜನ ಹತ್ತಿರ ಬಣ್ಣವಿಲ್ಲದ ನಾಲ್ಕು ಸಿಪಾಯಿಗಳನ್ನು ಕೊಂಡೆ. ಬಣ್ಣ ಹಚ್ಚಿದ್ದಕ್ಕೆ ಬೆಲೆ ಹೆಚ್ಚು. ಜೊತೆಗೆ, ಹಚ್ಚುವ ಸುಖ ನನಗೇ ಇರಲಿ ಎಂಬ ಆಸೆಬುರುಕತನ. ಆಮೇಲೆ ವರ್ಷಕ್ಕೆ ಮೂರು, ನಾಲ್ಕು ಎಂದು ಸೈನ್ಯ ಬೆಳೆಯಿತು. ಬಣ್ಣ ಮಾತ್ರ ಏರಲಿಲ್ಲ.

ಯಾಕೆ ಎಂದು ಕೇಳಿದರೆ ನನ್ನಲ್ಲಿ ಪಟ್ಟಿಯೇ ಇತ್ತು. ಮಗಳು ಚಿಕ್ಕವಳು. ಅತ್ತೆಯವರಿಗೆ ಕಾಯಿಲೆ. 2001ರ ಜನಗಣತಿ, 2011ರ ಜನಗಣತಿ, ನಡುವೆ ಚುನಾವಣೆಗಳು, ಪ್ರತಿ ಬೇಸಿಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಇವೆಲ್ಲ ಮುಗಿದಾಗ ಇನ್ನೊಂದು ನೆಪ ಹುಟ್ಟಿತು: ಸಿಪಾಯಿಗಳ ಅಂಗಿಗೆ ಸರಿಯಾದ ಬಣ್ಣ ಯಾವುದು? ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆಯಲ್ಲ, ಅವನ್ನು ನೋಡಿಕೊಂಡು ಬಂದು ಶುರುಮಾಡೋಣ ಎಂದುಕೊಂಡೆ. ಶಾಲಾ ಪ್ರವಾಸದಲ್ಲಿ ಮೂರು ಸಲ ಅಲ್ಲಿ ನಿಂತೆ. ಮೂರು ಸಲವೂ ನೋಡಿದ್ದು ಮಕ್ಕಳ ತಲೆಗಳನ್ನೇ, ಎಣಿಸಲಿಕ್ಕೆ.

‘ಹೆಂಗಸರಿಗೆ ಪುರುಸೊತ್ತೆಲ್ಲಿ’ ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಈಗ ಅದನ್ನು ಒಪ್ಪುವುದಿಲ್ಲ. ಇದೇ 26 ವರ್ಷಗಳಲ್ಲಿ ನಾದಿನಿಯ ಮಗಳ ಮದುವೆಗೆ ಸೀರೆಗಳಿಗೆ ಕುಚ್ಚು ಕಟ್ಟಿದ್ದೇನೆ. ಶಾಲಾ ವಾರ್ಷಿಕೋತ್ಸವಕ್ಕೆ ರಾತ್ರಿ ಕೂತು ಕೋಲಾಟದ ಹುಡುಗಿಯರ ಲಂಗಗಳಿಗೆ ಜರಿ ಹೊಲಿದಿದ್ದೇನೆ. ಬೀದಿಯ ಗಣಪತಿಗೆ ರಂಗೋಲಿ ಹಾಕಿದ್ದೇನೆ. ಯಾರಾದರೂ ಕೇಳುವವರಿದ್ದ ಕೆಲಸಕ್ಕೆಲ್ಲ ಸಮಯ ಸಿಕ್ಕಿತು. ಕೇಳುವವಳು ನಾನೊಬ್ಬಳೇ ಆಗಿದ್ದ ಕೆಲಸಕ್ಕೆ ಸಿಗಲಿಲ್ಲ. ಇದಕ್ಕೆ ತ್ಯಾಗ ಎಂದು ಹೆಸರಿಟ್ಟು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೆ ಬೇಡ.

ನಮ್ಮ ಮನೆಯವರು ಹಳೆಯ ನಾಣ್ಯ ಕೂಡಿಡುತ್ತಾರೆ. ಭಾನುವಾರ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತರೆ ಊಟದ ಹೊತ್ತಿಗೇ ಏಳುವುದು. ಬಂದವರಿಗೆ ನಾನೇ ಹೆಮ್ಮೆಯಿಂದ ‘ಇವರಿಗೆ ನಾಣ್ಯದ ಹವ್ಯಾಸ’ ಎನ್ನುತ್ತಿದ್ದೆ. ಮಂಚದ ಕೆಳಗಿನ ಟ್ರಂಕನ್ನು ಯಾರಾದರೂ ಕೇಳಿದರೆ ‘ಏನೋ ಮಣ್ಣಿನ ಸಾಮಾನು’ ಎಂದದ್ದೂ ನಾನೇ. ಅವರು ಒಂದು ದಿನವೂ ನನ್ನನ್ನು ತಡೆಯಲಿಲ್ಲ. ತಡೆಯುವ ಅಗತ್ಯವೇ ಬೀಳದಂತೆ ನಾನು ನೋಡಿಕೊಂಡೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಪ್ರತಿ ವರ್ಷ ಹೊಸ ಸಿಪಾಯಿಯನ್ನು ಕೊಂಡು ತಂದ ದಿನ, ಕೆಲಸ ಅರ್ಧ ಮುಗಿಸಿದಷ್ಟು ಸಂತೋಷವಾಗುತ್ತಿತ್ತು. ಕೊಳ್ಳುವುದೇ ಮಾಡುವುದು ಎಂಬ ಭ್ರಮೆ ಅದು. ನಿಮ್ಮ ಬೀರುವಿನ ಕೆಳಗಿನ ಅರೆಯಲ್ಲೂ ಕಸೂತಿಯ ದಾರದ ಲಡಿಗಳು, ಕತ್ತರಿಸದ ಬ್ಲೌಸ್ ಪೀಸುಗಳು, ತಂತಿ ಸಡಿಲಾದ ವೀಣೆಯ ನೆನಪು ಇರಬಹುದು. ಇಲ್ಲವೇ ಹೇಳಿ.

ಎರಡು ವರ್ಷದ ಹಿಂದೆ ಕುಂಬಾರಜ್ಜ ತೀರಿಕೊಂಡರು. ಅವರ ಮಗ ಹೂಕುಂಡ, ಹಣತೆ ಮಾಡುತ್ತಾನೆ. ಸಿಪಾಯಿಗಳ ಅಚ್ಚು ಒಡೆದುಹೋಗಿದೆಯಂತೆ. ಅಂದು ಸಂಜೆ ಟ್ರಂಕು ತೆರೆದೆ. ಸುತ್ತಿಟ್ಟ ಹುಲ್ಲು ಪುಡಿಯಾಗಿತ್ತು. ದಿನಾ ಕಸ ಗುಡಿಸುವಾಗ ಟ್ರಂಕನ್ನು ಆಚೆ ಈಚೆ ಎಳೆದವಳು ನಾನೇ. ಒಳಗೆ ಒಂದಕ್ಕೊಂದು ತಾಗಿ 11 ತಲೆಗಳು ಬೇರೆಯಾಗಿದ್ದವು, ಮೂರು ಕುದುರೆಗಳಿಗೆ ಕಾಲಿರಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಜೋಪಾನ ಮಾಡಿದ್ದೇನೆಂದು ನಂಬಿದ್ದೆನಲ್ಲ!

ಮುಂದಿನ ಭಾನುವಾರ ಶುರುಮಾಡಿದೆ. ತಲೆಗಳನ್ನು ಫೆವಿಕಾಲ್ ಹಾಕಿ ಕೂರಿಸಿದೆ. ಬರಿಯ ಮಣ್ಣು ಬಣ್ಣವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ತೆಳುವಾಗಿ ಬಳಿದು ಒಣಗಿಸಿದೆ. ಒಬ್ಬೊಬ್ಬನನ್ನೇ ಪೂರ್ತಿ ಮುಗಿಸಹೋದರೆ ಬೇಸರ ಬರುತ್ತದೆ. ಹತ್ತು ಜನರ ಮುಖ ಮೊದಲು, ಆಮೇಲೆ ಹತ್ತು ಜನರ ಪೇಟ, ಆಮೇಲೆ ಅಂಗಿ. ಎಲ್ಲ ಉತ್ತರಪತ್ರಿಕೆಗಳಲ್ಲೂ ಮೊದಲನೆಯ ಪ್ರಶ್ನೆಯನ್ನೇ ಮೊದಲು ತಿದ್ದುವ ಹಾಗೆ. ಅಂಗಿಗೆ ಮನೆಯಲ್ಲಿದ್ದ ಪೋಸ್ಟರ್ ಕಲರಿನ ಕೆಂಪನ್ನೇ ಹಚ್ಚಿದೆ. ಮೊದಲನೆಯವನ ಕಣ್ಣು ಮೆಳ್ಳಗಣ್ಣಾಯಿತು. ಅಳಿಸಲಿಲ್ಲ, ಅವನನ್ನೇ ದಳಪತಿ ಮಾಡಿದೆ.

ಸ್ಟಾಫ್ ರೂಮಿನಲ್ಲಿ ಸುದ್ದಿ ಹರಡಿತು. ‘ಮಾರುತ್ತೀರಾ ಮೇಡಂ?’ ಎಂದರು ಒಬ್ಬರು. ಇಲ್ಲ ಎಂದೆ. ‘ಮತ್ತೆ ಏನು ಲಾಭ?’ ಇಡೀ ದಿನ ಕ್ರಿಕೆಟ್ ನೋಡುವ ಮೇಷ್ಟ್ರನ್ನು ಈ ಪ್ರಶ್ನೆ ಕೇಳಿದವರನ್ನು ನಾನು ಕಂಡಿಲ್ಲ. ಹೆಣ್ಣಿನ ಬಿಡುವು ಕೂಡ ದುಡಿಯಬೇಕು. ಉಪ್ಪಿನಕಾಯಿಯಾಗಬೇಕು, ಟೈಲರಿಂಗ್ ಆಗಬೇಕು, ನಾಲ್ಕು ಕಾಸು ತರಬೇಕು. ಇನ್ನೊಬ್ಬರು, ‘ಸಿಪಾಯಿ ಗೊಂಬೆ ಗಂಡುಹುಡುಗರ ಆಟ ಅಲ್ಲವೇ’ ಎಂದರು. ಸ್ವಾಮಿ, ನವರಾತ್ರಿಗೆ ಆ ಸಿಪಾಯಿಗಳ ಧೂಳು ಒರೆಸಿ, ಸಾಲು ನಿಲ್ಲಿಸಿ, ಮತ್ತೆ ಸುತ್ತಿ ಒಳಗಿಡುವವರು ಯಾರು? ರಾಜರ ಕಾಲ ಮುಗಿದ ಮೇಲೆ, 750 ಕಿಲೋ ತೂಕದ ಆ ಚಿನ್ನದ ಅಂಬಾರಿಯಲ್ಲಿ ಕೂತು ಮೆರವಣಿಗೆ ಹೊರಡುವವಳು ಯಾರು? ಚಾಮುಂಡಿ ತಾಯಿ ತಾನೇ.

ಮೊದಲ ದಸರೆಯ ಹೊತ್ತಿಗೆ ಮುಗಿದವರು 20 ಮಂದಿ. ಉಳಿದವರನ್ನು ಮುಚ್ಚಿಡದೆ, ಬರಿಮೈಯಲ್ಲೇ ಹಿಂದೆ ನಿಲ್ಲಿಸಿದೆ. ಆರತಿಗೆ ಬಂದ ಪಕ್ಕದ ಮನೆಯವರು ನೋಡಿ, ‘ರಿಟೈರಾದ ಮೇಲೆ ನಿಧಾನವಾಗಿ ಮಾಡಬಹುದಿತ್ತಲ್ಲ ಟೀಚರ್’ ಎಂದರು. ಕಾಲು ಮುರಿದ ಕುದುರೆಗಳನ್ನು ಅವರ ಕೈಗೆ ಕೊಟ್ಟೆ.

ಈಗ 41 ಆಗಿದ್ದಾರೆ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ನಮ್ಮ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿರುತ್ತದೆ. ಹಸಿವಾದವರು ಉಪ್ಪಿಟ್ಟು ಮಾಡಿಕೊಳ್ಳಬಹುದು. ರವೆ ಎಲ್ಲಿದೆಯೆಂದು ಎಲ್ಲರಿಗೂ ತೋರಿಸಿಕೊಟ್ಟಿದ್ದೇನೆ.